ಓಡದ ಡಿಸೊಟೊ, ಕೂರದ ಆರ್ಲಿಸ್

ಆರ್ಲಿಸ್ ಪಾಪೆನ್ ನೆಟ್ಟಗೆ ಕೂತದ್ದನ್ನು ನೋಡಿದವರು ನಮ್ಮೂರಲ್ಲಿ ಬಹಳ ಕಡಿಮೆ. ಚರ್ಚಿನಲ್ಲಿ ಕೊನೆಯ ಬೆಂಚಿನ ಅಂಚಿಗೆ ಒಂದಿಷ್ಟು ಒರಗಿದ ಹಾಗೆ ಮಾಡುತ್ತಿದ್ದಳು. ಪಾದ್ರಿ ಆಶೀರ್ವಾದಕ್ಕೆ ಕೈ ಎತ್ತುವಷ್ಟರಲ್ಲಿ ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಹೆಂಗಸರ ಸಂಘದ ಊಟವಿದ್ದರೆ ಬಡಿಸುವ ಕೆಲಸ ಅವಳದೇ, ಯಾಕೆಂದರೆ ಬಡಿಸುವವಳಿಗೆ ಯಾರೂ ಕೂತುಕೊಳ್ಳಿ ಎನ್ನುವುದಿಲ್ಲ. ಸಂಜೆಯಾದರೆ ಮನೆಯಿಂದ ಹೊರಟು, ಜಲ್ಲಿ ರಸ್ತೆಯಲ್ಲಿ ಮೂಲೆಯ ತನಕ ನಡೆದು, ಅಲ್ಲಿ ನಿಂತು ಪಶ್ಚಿಮಕ್ಕೆ ಒಮ್ಮೆ ನೋಡಿ ವಾಪಸ್ ಬರುತ್ತಿದ್ದಳು. ಮಳೆಯಿರಲಿ, ಹಿಮವಿರಲಿ, ಇದು ತಪ್ಪುತ್ತಿರಲಿಲ್ಲ. ‘ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ’ ಎಂದು ನನ್ನ ಹೆಂಡತಿ ಲವಾನ್ ಹೇಳುತ್ತಿದ್ದಳು. ಹುಟ್ಟುವಾಗ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಟ್ಟಿದವನು ಯಾರು ಅನ್ನುವುದು ಮಾತ್ರ ಊರಿಗೆಲ್ಲ ಗೊತ್ತಿತ್ತು.

ನಾನು ವರ್ಲಿನ್ ಉಬ್ಬೆನ್. ಊರಾಚೆ ನನ್ನ ಗ್ಯಾರೇಜಿದೆ. ವರ್ಷವಿಡೀ ಡೊಂಕಾದ ಗಾಡಿಗಳನ್ನು ನೆಟ್ಟಗೆ ಮಾಡುತ್ತೇನೆ, ವರ್ಷಕ್ಕೊಂದು ಸಂಜೆ ನೆಟ್ಟಗಿರುವುದನ್ನು ಡೊಂಕು ಮಾಡುತ್ತೇನೆ. ಜುಲೈ ತಿಂಗಳ ಜಿಲ್ಲಾ ಮೇಳದ ಕೊನೆಯ ಸಂಜೆ ನಡೆಯುವ ಡರ್ಬಿ ಅದು. ಗಾಜು ಕಿತ್ತು, ಬಾಗಿಲುಗಳಿಗೆ ಸರಪಳಿ ಬಿಗಿದು, ಹಳೇ ಗಾಡಿಗಳನ್ನು ಕೆಸರು ಅಂಗಳಕ್ಕೆ ಇಳಿಸಿ ಒಂದಕ್ಕೊಂದು ಗುದ್ದಿಸುತ್ತೇವೆ. ಕೊನೆಗೆ ಯಾವುದು ಅಲುಗಾಡುತ್ತಿರುತ್ತದೋ ಅದು ಗೆದ್ದ ಹಾಗೆ. ಬುದ್ಧಿ ಇರುವವರು ಮಾಡುವ ಕೆಲಸವಲ್ಲ ಎನ್ನುತ್ತಾಳೆ ಲವಾನ್. ಬುದ್ಧಿ ಇರುವವರೆಲ್ಲ ಟಿಕೆಟ್ ಕೊಂಡು ನೋಡಲು ಬರುತ್ತಾರಲ್ಲ, ಅದಕ್ಕೇನು ಹೇಳುತ್ತಾಳೋ.

ಆ ವರ್ಷ ಮಾರ್ಚ್ ಕಳೆಯುತ್ತ ಬಂದರೂ ನನಗೆ ಗಾಡಿ ಸಿಕ್ಕಿರಲಿಲ್ಲ. ಕೈ ತುರಿಸುತ್ತಿತ್ತು, ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಿದ್ದೆ. ಅಂಥ ಒಂದು ಬೆಳಿಗ್ಗೆ ಆರ್ಲಿಸ್ ಬಂದಳು. ಲವಾನ್ ತಂದ ಚಹಾ ಮುಟ್ಟಲಿಲ್ಲ. ನಮ್ಮವರ ಪೈಕಿ ಇದು ಸಣ್ಣ ಸಂಗತಿಯಲ್ಲ. ಅಜ್ಜಂದಿರು ಜರ್ಮನಿಯ ಕಡಲಂಚಿನಿಂದ ಅಯೋವಕ್ಕೆ ಬರುವಾಗ ಬೇರೇನು ತಂದರೋ ಬಿಟ್ಟರೋ, ಚಹಾದ ಚಟ ಮಾತ್ರ ತಂದರು. ಮೂರು ಬಟ್ಟಲು ಆಗದೆ ಯಾರೂ ವಿಷಯಕ್ಕೆ ಬರುವುದಿಲ್ಲ.

“ವರ್ಲಿನ್, ಡರ್ಬಿಗೆ ಗಾಡಿ ಸಿಕ್ತಾ?”

“ಎಲ್ಲಿ ಸಿಗತ್ತೆ ಮಿಸೆಸ್ ಪಾಪೆನ್. ದೊಡ್ಡ ಗಾಡಿಗಳೆಲ್ಲ ಗುಜರಿಗೆ ಹೋದ್ವು. ಈಗಿರೋದೆಲ್ಲ ಬಿಸ್ಕತ್ ಡಬ್ಬ.”

“ನನ್ನ ಹತ್ರ ಒಂದಿದೆ. ಸುಮ್ನೆ ತಗೊಂಡ್ಹೋಗು. ಒಂದೇ ಷರತ್ತು. ಮೇಳದಲ್ಲಿ ಅದನ್ನ ಚಿಂದಿ ಚಿತ್ರಾನ್ನ ಮಾಡ್ಬೇಕು. ನನ್ನ ಕಣ್ಣೆದುರಿಗೆ.”

ಅವಳು ಮೊಟ್ಟೆ ಸಾಗಿಸುತ್ತಿದ್ದ ಹಳೇ ವ್ಯಾಗನ್ ಇರಬೇಕು ಎಂದುಕೊಂಡೆ. ಹಿಂಬದಿ ಭಾರದ ಗಾಡಿ, ಗುದ್ದಲು ಹೇಳಿ ಮಾಡಿಸಿದ್ದು. ಕೈ ಒರೆಸಿಕೊಂಡು ಮುಂದೆ ಚಾಚಿದೆ. ಆಕೆ ಗಟ್ಟಿಯಾಗಿ ಹಿಡಿದು ಕುಲುಕಿದಳು. ನಮ್ಮಲ್ಲಿ ಕೈ ಕುಲುಕಿದ ಮೇಲೆ ಮುಗಿಯಿತು, ಪಾದ್ರಿಯ ಮುಂದೆ ಆಡಿದ ಮಾತಿಗಿಂತ ಅದು ಗಟ್ಟಿ.

“ವ್ಯಾಗನ್ ಕೀ ತಂದಿದೀರಾ?”

“ಯಾವ ವ್ಯಾಗನ್ನು? ಐಲರ್ಟ್‌ದು. ಡಿಸೊಟೊ.”

ಕುಲುಕಿದ ಕೈಯನ್ನು ಪ್ಯಾಂಟಿಗೆ ಮತ್ತೊಮ್ಮೆ ಒರೆಸಿಕೊಂಡೆ.

ಆ ಗಾಡಿಯ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಐಲರ್ಟ್ ಅವಳ ಗಂಡ. ಇಬ್ಬರಿಗೂ ಮದುವೆಯಾದಾಗ ಕೊಟ್ಟಿಗೆ ತುಂಬ ಹಸುಗಳಿದ್ದವು. ಹಸು ಕಟ್ಟಿದವನಿಗೆ ಮಧುಚಂದ್ರ ಎಲ್ಲಿಂದ ಬರಬೇಕು? ಬೆಳಗಾದರೆ ಕೆಚ್ಚಲು, ಸಂಜೆಯಾದರೆ ಕೆಚ್ಚಲು. ಮಕ್ಕಳಾಗಲಿಲ್ಲ. ಹತ್ತು ಹನ್ನೆರಡು ವರ್ಷ ಹಾಲು ಕರೆದು ಬೇಸತ್ತು, 1960ರಲ್ಲಿ ಹಸುಗಳನ್ನೆಲ್ಲ ಮಾರಿ, ಇನ್ನು ಮೆಕ್ಕೆಜೋಳ, ಸೋಯಾ ಬೆಳೆದರೆ ಸಾಕು ಎಂದು ತೀರ್ಮಾನ ಮಾಡಿದರು. ಆ ದುಡ್ಡಿನಲ್ಲಿ ಹೊಸ ಗಾಡಿ ಕೊಳ್ಳುವುದು, ಚಳಿಗಾಲ ಕಳೆದ ಕೂಡಲೇ ಅದರಲ್ಲೇ ಪಶ್ಚಿಮದ ಸಮುದ್ರಕ್ಕೆ ಹೋಗಿ ಬರುವುದು ಎಂದಾಯಿತು. ಪ್ರವಾಹ ಬಂದ ಹೊಳೆಗಿಂತ ದೊಡ್ಡ ನೀರು ಕಂಡವರಲ್ಲ ಇಬ್ಬರೂ. ಆರ್ಲಿಸ್ ಕಡಲ ದಂಡೆಗೆಂದು ತೆಳು ಹಳದಿ ಉಡುಪು ಹೊಲಿದುಕೊಂಡಳು.

ಐಲರ್ಟ್ ಆ ಶರತ್ಕಾಲ ಕೊಂಡು ತಂದದ್ದು 61ರ ಮಾದರಿಯ ಡಿಸೊಟೊ. ಮೈ ಹಸಿರು, ನೆತ್ತಿ ಬಿಳಿ, ಹಿಂದೆ ಎರಡು ರೆಕ್ಕೆ. ದೀಪಗಳು ಓರೆಯಾಗಿ, ಎದುರಿನಿಂದ ನೋಡಿದರೆ ಹುಬ್ಬು ಗಂಟಿಕ್ಕಿದ ಅತ್ತೆಯ ಮುಖ. ಗೇರಿಗೆ ಕಡ್ಡಿಯಿಲ್ಲ, ಡ್ಯಾಶ್‌ಬೋರ್ಡಿನ ಎಡಕ್ಕೆ ಗುಂಡಿಗಳು. ನನಗಾಗ ಹದಿನೈದು. ನಾವೆಲ್ಲ ಆ ಗುಂಡಿ ಒತ್ತಲು ಸಾಲುಗಟ್ಟಿ ನಿಂತಿದ್ದೆವು. ಕೆಲವೇ ವಾರಗಳಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು. ಡಿಸೊಟೊ ಮಾಡುವುದನ್ನೇ ನಿಲ್ಲಿಸಿದರಂತೆ, ಇದೇ ಕೊನೆ. ಅದನ್ನು ಕೊಂಡಿದ್ದ ಬೇರೆಯವರು ತಲೆ ಮೇಲೆ ಕೈ ಹೊತ್ತು ಕೂತರು. ಐಲರ್ಟ್ ಮಾತ್ರ ಕುಣಿದಾಡಿದ.

“ಕೊನೇದು ಕಣೇ ಆರ್ಲಿಸ್! ಇನ್ನು ಇದು ಹುಟ್ಟೋದೇ ಇಲ್ಲ! ಇಟ್ಕೊಂಡು ಕೂತ್ರೆ ಒಂದಿನ ಚಿನ್ನ ಆಗತ್ತೆ!”

“ಆಗ್ಲಿ. ಸಮುದ್ರ ನೋಡ್ಕೊಂಡು ಬಂದು ಇಟ್ಕೋ.”

“ಓಡಿಸಿದ ಗಾಡಿಗೆ ಯಾರು ಚಿನ್ನ ಕೊಡ್ತಾರೆ? ಒಂದೊಂದು ಮೈಲಿನೂ ಬೆಲೆ ತಿಂದ್ಹಾಕತ್ತೆ. ಮುಂದಿನ ವರ್ಷ ಬೇರೆ ಗಾಡಿ ತಗೊಂಡು ಹೋಗೋಣ.”

ಮುಂದಿನ ವರ್ಷ ಎನ್ನುವುದು ನಮ್ಮ ರೈತರ ಮನೆದೇವರು. ಗಾಡಿ ಯಂತ್ರದ ಶೆಡ್ಡು ಸೇರಿತು, ಮೇಲೆ ಕಂಬಳಿ ಬಿತ್ತು. ಮೂವತ್ತು ವರ್ಷ ಅಲ್ಲೇ ಇತ್ತು. ಹಳದಿ ಉಡುಪು ಕೊನೆಗೆ ಕೌದಿಗೆ ತುಂಡಾಯಿತು.

ಭಾನುವಾರ ಚರ್ಚು ಮುಗಿಸಿ ಬಂದು ಐಲರ್ಟ್ ಕಂಬಳಿ ತೆಗೆದು ಇಂಜಿನ್ ಶುರು ಮಾಡುತ್ತಿದ್ದ. ಟೈರು ಒಂದೇ ಕಡೆ ಚಪ್ಪಟೆಯಾಗಬಾರದೆಂದು ಶೆಡ್ಡಿನ ಬಾಗಿಲ ತನಕ ಹಿಂದಕ್ಕೆ ಬಿಟ್ಟು, ಮತ್ತೆ ಮುಂದಕ್ಕೆ ತರುತ್ತಿದ್ದ. ಆರ್ಲಿಸ್ ಪಕ್ಕದ ಸೀಟಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕೂತಿರಲೇಬೇಕಿತ್ತು. ಅವನ ಪಾಲಿಗೆ ಅದು ವಾರದ ಸುಖ. ‘ಕೇಳ್ತಾ ಇದೀಯಾ, ಹೇಗೆ ಉಸಿರಾಡ್ತಿದೆ!’ ಎನ್ನುತ್ತಿದ್ದನಂತೆ. ಊರವರು ಅದನ್ನು ಐಲರ್ಟನ ಎರಡನೇ ಹೆಂಡತಿ ಎಂದು ಕರೆದರು. ‘ಪಾಪ, ಅದಕ್ಕೂ ಹೊರಗೆ ಹೋಗೋ ಭಾಗ್ಯ ಇಲ್ಲ’ ಎಂದು ಸೇರಿಸುತ್ತಿದ್ದರು. ಐಲರ್ಟ್ ಕೆಟ್ಟವನಲ್ಲ, ಅದನ್ನು ಹೇಳಿಬಿಡುತ್ತೇನೆ. ಕುಡಿಯಲಿಲ್ಲ, ಬೈಯಲಿಲ್ಲ. ಆದರೆ ಕೆಟ್ಟವನಾಗಿದ್ದರೆ ಆಕೆ ಎಂದೋ ಬಿಟ್ಟು ಹೋಗುತ್ತಿದ್ದಳು. ಒಳ್ಳೆಯವನ ಹಟ ಇದೆಯಲ್ಲ, ಅದಕ್ಕೆ ಮದ್ದಿಲ್ಲ.

ಇನ್ನೊಂದು ತಮಾಷೆ ಕೇಳಿ. ಅವನ ಲೆಕ್ಕವೇ ತಲೆಕೆಳಗಾಗಿತ್ತು. ಹಳೇ ಗಾಡಿಗಳ ಬೆಲೆ ಏರಿತು ನಿಜ, ಆದರೆ ಏರಿದ್ದು ಎಲ್ಲರೂ ಓಡಿಸಿ, ಗುದ್ದಿಸಿ, ಹಿಂದಿನ ಸೀಟಿನಲ್ಲಿ ಮುತ್ತು ಕೊಟ್ಟು ಹಾಳು ಮಾಡಿದ ಶೆವರ್ಲೆಗಳದು. ಮನುಷ್ಯ ತನ್ನ ಹರೆಯವನ್ನು ಕೊಳ್ಳಲು ದುಡ್ಡು ಕೊಡುತ್ತಾನೆ. ಯಾರ ಹರೆಯದಲ್ಲೂ ಇಲ್ಲದ ಗಾಡಿಗೆ ಯಾರು ಕೊಡುತ್ತಾರೆ? ಅಪರೂಪದ್ದಕ್ಕೆ ಬೆಲೆ ಎಂದು ಐಲರ್ಟ್ ತಿಳಿದ. ಅವನೊಬ್ಬನೇ ಅಲ್ಲ, ನಮ್ಮ ಜಿಲ್ಲೆಯ ಅರ್ಧ ಶೆಡ್ಡುಗಳಲ್ಲಿ ಇಂಥದೊಂದು ‘ಒಂದಿನ’ ಕಂಬಳಿ ಹೊದ್ದು ಮಲಗಿದೆ. ಮೂವತ್ತು ವರ್ಷಕ್ಕೆ ಆ ಡಿಸೊಟೊದ ಬೆಲೆ ಏರಿತಾದರೂ ತೋಟ ಕೊಳ್ಳುವಷ್ಟಲ್ಲ, ಒಂದು ಒಳ್ಳೆ ಟ್ರ್ಯಾಕ್ಟರಿಗೂ ಸಾಲದು.

ಆ ಮಾರ್ಚಿಗೆ ಹಿಂದಿನ ಶರತ್ಕಾಲ ಜೋಳ ಕೊಯ್ಯುವಾಗ ಐಲರ್ಟ್ ಹೊಲದಲ್ಲೇ ಹೃದಯ ನಿಂತು ತೀರಿಕೊಂಡ. ಶವಸಂಸ್ಕಾರದ ಊಟದಲ್ಲಿ ಆರ್ಲಿಸ್ ತಾನೇ ಚಹಾ ಬಗ್ಗಿಸುತ್ತ ಓಡಾಡಿದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಕಲ್ಲು ಎಂದರು ಹೆಂಗಸರು. ಗಂಡಸರು ಹಂದಿಮಾಂಸದ ಸ್ಯಾಂಡ್‌ವಿಚ್ ಅಗಿಯುತ್ತ, ‘ಗಾಡಿ ಏನ್ಮಾಡ್ತೀರಿ?’ ಎಂದು ಒಬ್ಬೊಬ್ಬರಾಗಿ ಕೇಳಿದರು. ಅವರನ್ನೂ ನಾನು ಬೈಯಲಾರೆ, ನಾನೂ ಕೇಳಿದವನೇ.

ಚಳಿಗಾಲವೆಲ್ಲ ಕೊಳ್ಳುವವರು ಬಂದರು. ಅವರಲ್ಲಿ ಮಿನಿಯಾಪೊಲಿಸ್‌ನ ಪ್ರೆಂಟಿಸ್ ಎಂಬಾತ ದೊಡ್ಡ ಕುಳ. ಓಡಿಸದೆ ಇಟ್ಟ ಗಾಡಿಗಳನ್ನೇ ಹುಡುಕಿ ಹುಡುಕಿ ಕೊಳ್ಳುವ ಹುಚ್ಚು. ಒಂದು ಬಟ್ಟಲು ಚಹಾ ಕುಡಿದು ಎದ್ದವನೇ ಶೆಡ್ಡಿಗೆ ಹೋಗಿ, ಕೋಟು ಬಿಚ್ಚಿ, ಗಾಡಿಯ ಕೆಳಗೆ ನುಸುಳಿದ. ಬಾಗಿಲಿಗೆ ಅಯಸ್ಕಾಂತ ಹಿಡಿದು ಬಣ್ಣದಡಿ ಡೊಂಕು ಮುಚ್ಚಲು ಮೆತ್ತಿದ್ದೇನಾದರೂ ಇದೆಯೇ ಎಂದು ನೋಡಿದ. ಹೊರಬಂದಾಗ ಕಣ್ಣು ಒದ್ದೆಯಾಗಿತ್ತಂತೆ. ಬೇರೆ ಯಾರೂ ಹೇಳದ ಬೆಲೆ ಹೇಳಿದ. ಆರ್ಲಿಸ್ ಹೂಂ ಎನ್ನುವವಳಿದ್ದಳು. ಅಷ್ಟರಲ್ಲಿ ಆಕೆಯನ್ನು ಸಂತೋಷಪಡಿಸಲೆಂದು ಅವನೊಂದು ಮಾತು ಸೇರಿಸಿದ.

“ಯೋಚ್ನೆ ಮಾಡ್ಬೇಡಿ ಮೇಡಂ. ನಿಮ್ಮ ಯಜಮಾನ್ರ ಹಾಗೇ ನೋಡ್ಕೋತೀನಿ. ನನ್ನ ಕಟ್ಟಡದಿಂದ ಒಂದಿಂಚೂ ಹೊರಗೆ ತೆಗೆಯಲ್ಲ.”

ಅವನ ಕೋಟನ್ನು ಆರ್ಲಿಸ್ ಅಂಗಳಕ್ಕೆ ಎಸೆದಳು. ಮರುದಿನ ಬೆಳಿಗ್ಗೆ ನನ್ನ ಗ್ಯಾರೇಜಿಗೆ ಬಂದಿದ್ದಳು.

ಇಷ್ಟು ಹಿನ್ನೆಲೆ. ಕೈ ಕುಲುಕಿದ ತಪ್ಪಿಗೆ ಎಳೆಯುವ ಲಾರಿ ತೆಗೆದುಕೊಂಡು ಹೋದೆ. ಕಂಬಳಿ ಸರಿಸಿದೆ. ಹದಿನೈದು ವರ್ಷದ ಹುಡುಗನಾಗಿ ನೋಡಿದ್ದ ಅದೇ ಗಾಡಿ, ಅದೇ ಹೊಳಪು. ನನ್ನ ತಲೆ ಮಾತ್ರ ಬೋಳಾಗಿತ್ತು. ಡರ್ಬಿಯವರು ಕಟುಕರು ಎಂದು ಹಳೇ ಗಾಡಿ ಪ್ರಿಯರು ಬೈಯುತ್ತಾರೆ. ನಮಗೂ ಒಂದು ನೇಮ ಇದೆ. ರಸ್ತೆ ಮೇಲೆ ಓಡುವ ಯೋಗ್ಯತೆ ಇರುವ ಗಾಡಿಯನ್ನು ಕೆಸರಿಗೆ ಇಳಿಸುವುದಿಲ್ಲ. ತುಕ್ಕು ತಿಂದು ಗುಜರಿಗೆ ಹೋಗುವ ಗಾಡಿಗೆ ಒಂದು ಗಂಟೆಯ ಜಾತ್ರೆ ಮಾಡಿಸಿ ಕಳಿಸುತ್ತೇವೆ, ಅಷ್ಟೆ.

“ಮಿಸೆಸ್ ಪಾಪೆನ್, ಇದು ಆಗಲ್ಲ. ಇದು ಇನ್ನೂ ಜೀವಂತ ಇದೆ.”

“ಗೊತ್ತು. ಅದಕ್ಕೇ ಸಾಯ್ಸು ಅಂದಿದ್ದು.”

“ಮಾರಿಬಿಡಿ. ಯಾರಿಗಾದ್ರೂ.”

“ಕೊಂಡವನು ಏನ್ಮಾಡ್ತಾನೆ? ಕಂಬಳಿ ಹೊದಿಸ್ತಾನೆ. ನನ್ನ ಕಣ್ಣಿಗೆ ಕಾಣದ ಕಡೆ ಇದು ಸುಖವಾಗಿ ನಿದ್ದೆ ಹೊಡೀಬೇಕು, ಅಲ್ವಾ? ಕೈ ಕುಲುಕಿದ್ಯೋ ಇಲ್ವೋ? ನಿಮ್ಮಪ್ಪನಿಗಾದ್ರೂ ಮಾತಿನ ಮೇಲೆ ನಿಲ್ಲೋ ಗುಣ ಇತ್ತಪ್ಪ.”

ಆಕೆ ಸತ್ತ ಅಪ್ಪನನ್ನು ಎಳೆದು ತಂದಳು. ನಾನು ಗಾಡಿಯನ್ನು ಎಳೆದುಕೊಂಡು ಬಂದೆ.

ಆಮೇಲಿನ ಒಂದು ತಿಂಗಳು ನನಗೆ ಊಟ ರುಚಿಸಲಿಲ್ಲ. ದಿನಾ ಬೆಳಿಗ್ಗೆ ಸುತ್ತಿಗೆ ಹಿಡಿದು ಗಾಡಿಯ ಮುಂದೆ ನಿಲ್ಲುವುದು, ಮೊದಲು ಯಾವ ಗಾಜು ಒಡೆಯಲಿ ಎಂದು ಸುತ್ತು ಹಾಕುವುದು, ಸುತ್ತಿಗೆ ಇಟ್ಟು ಬೇರೆ ಕೆಲಸಕ್ಕೆ ಹೋಗುವುದು. ಮಧ್ಯಾಹ್ನಕ್ಕೆ ಸರಿಯಾಗಿ ಆರ್ಲಿಸ್ ಬರುತ್ತಿದ್ದಳು.

“ಗಾಜು ಇನ್ನೂ ಇದೆ.”

“ಇವತ್ತು ಬೇರೆ ಕೆಲಸ ಬಂತು.”

“ನಿನ್ನೆನೂ ಬಂತು. ಧೈರ್ಯ ಇಲ್ದಿದ್ರೆ ಹೇಳ್ಬಿಡು, ಲವಾನ್ ಕೈಲಿ ಸುತ್ತಿಗೆ ಕೊಡ್ತೀನಿ.”

ಡರ್ಬಿಯ ಗೆಳೆಯರು ಗಾಡಿ ನೋಡಲು ಬಂದರು. ಟೊಪ್ಪಿ ತೆಗೆದು ನಿಂತರು. ‘ಇದನ್ನೇನಾದ್ರೂ ಕೆಸರಿಗೆ ಇಳಿಸಿದ್ರೆ ಮೊದಲು ಗುದ್ದೋದು ನಿನಗೆ’ ಎಂದು ಹೇಳಿ ಹೋದರು. ಪ್ರೆಂಟಿಸ್‌ಗೆ ಎಲ್ಲಿಂದ ಸುಳಿವು ಸಿಕ್ಕಿತೋ, ದಿನ ಬಿಟ್ಟು ದಿನ ಫೋನು ಮಾಡಿ ಅಳುವ ದನಿಯಲ್ಲಿ ಬೇಡಿಕೊಂಡ. ಆಕೆಯ ಹತ್ತಿರವೇ ಮಾತಾಡಿ ಎಂದು ನಾನು ಇಟ್ಟುಬಿಡುತ್ತಿದ್ದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು, ನಡುವೆ ನೊಗದ ಹಾಗೆ ನಾನು.

ಕೊನೆಗೊಂದು ದಿನ ಸಿಟ್ಟು ಬಂತು. ಆಕೆ ಬಂದ ಕೂಡಲೇ ಸುತ್ತಿಗೆಯನ್ನು ಅವಳ ಕೈಗೇ ಕೊಟ್ಟೆ.

“ಮೊದಲನೇ ಏಟು ನಿಮ್ಮದು. ಆಮೇಲಿನದೆಲ್ಲ ನಂದು. ಮಾತಿಗೆ ತಪ್ಪಲ್ಲ.”

ಆಕೆ ಹಿಂದೆಮುಂದೆ ನೋಡಲಿಲ್ಲ. ಗಾಡಿಯ ಎಡಕ್ಕೆ, ಓಡಿಸುವವನ ಕಡೆಗೆ ಹೋಗಿ ಬಾಗಿಲು ತೆಗೆದಳು. ಒಳಗಿನಿಂದ ಹೊಡೆಯುತ್ತಾಳೇನೋ ಎಂದು ನಾನು ಹಿಂದೆ ಸರಿದೆ. ಸ್ಟಿಯರಿಂಗಿನ ಹಿಂದೆ ಒಳಸೇರಿ, ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು, ಮುಂದಿನ ಗಾಜಿನಾಚೆ ನೋಡುತ್ತ ಇದ್ದಳು. ಬಹಳ ಹೊತ್ತು ಹಾಗೇ ಇದ್ದಳು. ಟ್ರ್ಯಾಕ್ಟರು, ವ್ಯಾಗನ್ನು ಎಲ್ಲ ಓಡಿಸಿದ ಹೆಂಗಸು, ಆದರೆ ಈ ಗಾಡಿಯ ಎಡ ಬದಿಯಲ್ಲಿ ಅದೇ ಮೊದಲು.

“ವರ್ಲಿನ್, ಈ ಕಡೆಯಿಂದ ರಸ್ತೆ ಬೇರೆ ಥರ ಕಾಣತ್ತೆ,” ಎಂದಳು.

ಆಗ ನನ್ನ ತಲೆಗೆ ಹೊಳೆಯಿತು. ನನಗೆ ಅಷ್ಟು ಬೇಗ ಏನೂ ಹೊಳೆಯುವುದಿಲ್ಲ, ಲವಾನ್‌ನ ಕೇಳಿ.

“ಮಿಸೆಸ್ ಪಾಪೆನ್, ಈ ಗಾಡಿ ಸಾಯ್ಬೇಕು ಅಷ್ಟೇ ತಾನೆ? ಡರ್ಬಿ ಯಾಕೆ? ಒಂದೊಂದು ಮೈಲಿನೂ ಬೆಲೆ ತಿಂದ್ಹಾಕತ್ತೆ ಅಂತ ನಿಮ್ಮೆಜಮಾನ್ರೇ ಹೇಳ್ತಿದ್ರಲ್ಲ. ತಿನ್ಸಿ. ಹೊಟ್ಟೆ ತುಂಬ ತಿನ್ಸಿ.”

ಆಕೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ನಗು ಬಂದದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಒಳ್ಳೆಯ ನಗುವಲ್ಲ ಅದು, ಸೇಡಿನ ನಗು.

“ಬ್ರೇಕು ಸರಿ ಮಾಡು,” ಎಂದಳು. “ಆದರೆ ನೆನಪಿರಲಿ, ಡರ್ಬಿ ಮಾತು ಮಾತೇ. ಮೊದಲು ತಿನ್ಸಿ ಆಮೇಲೆ ಕೊಲ್ತೀನಿ.”

ಬ್ರೇಕು ಎಂದರೆ ಬರೀ ಬ್ರೇಕಲ್ಲ. ಮೂವತ್ತು ವರ್ಷ ನಿಂತ ಗಾಡಿಯಲ್ಲಿ ರಬ್ಬರು ಎಂಬುದೆಲ್ಲ ಹಪ್ಪಳ. ಟೈರು, ಬೆಲ್ಟು, ನೀರಿನ ಕೊಳವೆ, ಪೆಟ್ರೋಲ್ ಟ್ಯಾಂಕಿನೊಳಗಿನ ಅಂಟು, ಎಲ್ಲ ಬದಲಾಯಿಸಿ ತೊಳೆಯಬೇಕಾಯಿತು. ಆಕೆ ದಿನಕ್ಕೆರಡು ಸಲ ಬಂದು ನನ್ನ ಬೆನ್ನ ಹಿಂದೆ ಶತಪಥ ಹಾಕಿದಳು. ಆಗಿಲ್ವಾ, ಇನ್ನೂ ಆಗಿಲ್ವಾ. ಹೆರಿಗೆ ಮನೆಯ ಹೊರಗೆ ಗಂಡ ತಿರುಗುವ ಹಾಗೆ ತಿರುಗಿದಳು.

ಮುಗಿದ ದಿನ ಪ್ರೆಂಟಿಸ್ ಸಾಗಣೆ ಗಾಡಿ ಸಮೇತ ಬಂದಿಳಿದ. ಯಾರು ಸುದ್ದಿ ಕೊಟ್ಟರೋ ದೇವರೇ ಬಲ್ಲ. ಬೆಲೆ ಇನ್ನೂ ಏರಿಸಿದ. ಆರ್ಲಿಸ್ ಕೇಳಿಸದವಳ ಹಾಗೆ ಒಂದು ಸಣ್ಣ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಪ್ಲಾಸ್ಟಿಕ್ ಮೇಲೆ ಎಸೆದು, ಗುಂಡಿ ಒತ್ತಿ ಹೊರಟೇಬಿಟ್ಟಳು. ಅವನು ಓಡಿಹೋಗಿ ಕಿಟಕಿ ಹಿಡಿದ.

“ಮೇಡಂ, ನೂರು ಮೈಲಿ ದಾಟಿಸ್ಬೇಡಿ! ದಾಟಿದ್ರೆ ಅದು ಬರೀ ಹಳೇ ಕಾರು! ದಯವಿಟ್ಟು!”

“ಮುಖ್ಯರಸ್ತೆ ಯಾವ ಕಡೆ, ವರ್ಲಿನ್?”

“ಎಡಕ್ಕೆ.”

ಗೊತ್ತಿದ್ದೇ ಕೇಳಿದ ಆಕೆ ಬೇಕೆಂದೇ ಬಲಕ್ಕೆ ತಿರುಗಿಸಿದಳು, ಜಲ್ಲಿ ರಸ್ತೆಗೆ. ಕಲ್ಲುಗಳು ಸಿಡಿದು ಬಣ್ಣಕ್ಕೆ ಟಪಟಪ ಬಡಿದವು. ‘ಜಲ್ಲಿ ಮೇಲಲ್ಲ! ಜಲ್ಲಿ ಮೇಲಲ್ಲ!’ ಎನ್ನುತ್ತ ಪ್ರೆಂಟಿಸ್ ಧೂಳಿನಲ್ಲಿ ಹಿಂದೆ ಹಿಂದೆ ಓಡಿದ. ಒಳ್ಳೆ ಬೂಟು ಹಾಕಿದ್ದ ಪಾಪ. ಧೂಳು ಇಳಿದ ಮೇಲೆ ವಾಪಸ್ ಬಂದು ನನ್ನ ಬಾಗಿಲಲ್ಲಿ ಕುಕ್ಕರಿಸಿದ. ಲವಾನ್ ಅವನಿಗೆ ಮೂರು ಬಟ್ಟಲು ಚಹಾ ಕುಡಿಸಿ ಕಳಿಸಿದಳು.

ಸಂಜೆಯಾದರೂ ಆರ್ಲಿಸ್ ಬರಲಿಲ್ಲ. ಮರುದಿನವೂ ಇಲ್ಲ. ಬ್ರೇಕು ಬಿಗಿದವನು ನಾನು, ಏನಾದರೂ ಆಗಿದ್ದರೆ ಎಂದು ಫೋನಿನ ಹತ್ತಿರವೇ ಸುಳಿದಾಡಿದೆ. ಮೂರನೇ ದಿನ ಗ್ಯಾರೇಜಿಗೆ ಫೋನು ಬಂತು. ಈ ಕರೆಯ ಖರ್ಚು ನೀವು ಕೊಡುತ್ತೀರಾ ಎಂದು ಕೇಳಿದಳು ಟೆಲಿಫೋನ್ ಆಫೀಸಿನವಳು. ಹೂಂ ಎಂದ ಕೂಡಲೇ ಆರ್ಲಿಸಳ ದನಿ ಬಂತು.

“ವರ್ಲಿನ್, ಒಂದು ಬೆಲ್ಟು ಕಿತ್ಹೋಯ್ತು. ಇಲ್ಲಿಯವನಿಗೆ ಅಳತೆ ಗೊತ್ತಿಲ್ವಂತೆ.”

“ಎಲ್ಲಿದೀರಿ?”

“ನೆಬ್ರಾಸ್ಕ. ಪಶ್ಚಿಮದ ತುದಿ.”

“ಅಲ್ಲೇನು ಮಾಡ್ತಿದೀರಿ?”

“ದಾಟ್ತಾ ಇದೀನಿ. ಅಳತೆ ಹೇಳು.”

ಹೇಳಿದೆ. ಆಮೇಲೆ ವಯೋಮಿಂಗಿನಿಂದ ಫೋನು, ಬೆಟ್ಟ ಹತ್ತುವಾಗ ನೀರು ಕುದಿಯುತ್ತಿದೆ ಎಂದು. ಬೆಳಗಿನ ತಂಪಲ್ಲಿ ಹತ್ತಿ ಎಂದೆ. ಐಡಹೊದಿಂದ ಇನ್ನೊಂದು, ಒಂದು ಹಸು ಬಂದು ಹಿಂದಿನ ರೆಕ್ಕೆಗೆ ಮೈ ಉಜ್ಜಿ ಡೊಂಕು ಮಾಡಿತು ಎಂದು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಹಬ್ಬ ಇತ್ತು. ಆಮೇಲೆ ಫೋನು ನಿಂತುಹೋಯಿತು. ಜೂನು ಕಳೆಯಿತು. ನಾನು ಬೇರೆ ದಾರಿ ಕಾಣದೆ ಗುಜರಿಯಿಂದ ಒಂದು ಮುರುಕಲು ಬ್ಯೂಯಿಕ್ ತಂದು ಡರ್ಬಿಗೆ ಸಜ್ಜು ಮಾಡತೊಡಗಿದೆ. ಆದರೆ ರಸ್ತೆಯಲ್ಲಿ ಗಾಡಿ ಸದ್ದಾದರೆ ಸಾಕು, ತಲೆ ಎತ್ತಿ ನೋಡುತ್ತಿದ್ದೆ.

ಮೇಳ ನಾಳೆ ನಾಡಿದ್ದು ಎನ್ನುವಾಗ ಡಿಸೊಟೊ ಬಂದು ನನ್ನ ಬಾಗಿಲಲ್ಲಿ ನಿಂತಿತು. ಗುರುತು ಸಿಗದ ಹಾಗಿತ್ತು. ಮೂತಿಯ ತುಂಬ ಸತ್ತ ಹುಳಗಳು, ಮುಂದಿನ ಗಾಜಿಗೆ ಉದ್ದ ಬಿರುಕು, ಹಸಿರು ಬಣ್ಣ ಎಲ್ಲೆಂದರಲ್ಲಿ ಚಕ್ಕೆ ಎದ್ದಿತ್ತು. ಸೀಟಿನ ಪ್ಲಾಸ್ಟಿಕ್ ಹರಿದು ಎಲ್ಲೋ ಎಸೆದಿದ್ದಳು. ಮೀಟರು ನಾಲ್ಕು ಸಾವಿರ ದಾಟಿತ್ತು. ಆರ್ಲಿಸಳ ಎಡ ತೋಳು ಮಾತ್ರ ಬಿಸಿಲಿಗೆ ಸುಟ್ಟು ಕಂದಾಗಿತ್ತು.

ಈಗ ಇದನ್ನು ಯಾರೂ ಕಣ್ಣೆತ್ತಿ ನೋಡಲಾರರು, ಪ್ರೆಂಟಿಸ್ ಕೂಡ. ಆದರೂ ಇಷ್ಟು ದೂರ ಹೋಗಿ ಬಂದ ಗಾಡಿಯನ್ನು ಗುದ್ದುವುದೆಂದರೆ ನನಗೆ ಮೊದಲಿಗಿಂತ ಕಷ್ಟವಾಯಿತು. ಏನು ಮಾಡಲಿ, ಮಾತು ಮಾತೇ.

“ಗಾಜು ಕೀಳ್ಲಾ, ಮಿಸೆಸ್ ಪಾಪೆನ್?”

ಆಕೆ ಗಾಡಿಯ ಮೂತಿಯ ಮೇಲಿನ ಹುಳಗಳನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಸಮುದ್ರ ನೋಡಿದ್ರಾ?”

“ಆರೆಗಾನ್‌ನಲ್ಲಿ. ನಿಜಕ್ಕೂ ದೊಡ್ಡದೇ ಕಣಪ್ಪ.” ಕೆರೆಯುತ್ತಲೇ ಇದ್ದಳು. “ದಾರಿಯುದ್ದಕ್ಕೂ ಅವನಿಗೆ ಬೈಕೊಂಡೇ ಹೋದೆ. ನೋಡೋ ಐಲರ್ಟಾ, ಹತ್ತು ಮೈಲಿ ಹೋಯ್ತು. ನೋಡೋ, ನೂರು ಹೋಯ್ತು. ಪಕ್ಕದ ಸೀಟಲ್ಲಿ ಅವನಿದ್ದ ಹಾಗೇ ಅಂದ್ಕೊಂಡು ಹೊಟ್ಟೆ ಉರಿಸ್ತಾ ಹೋದೆ. ಅಂಥ ಖುಷಿ ನಂಗೆ ಮದುವೇಲೂ ಆಗಿರ್ಲಿಲ್ಲ.”

“ಆಮೇಲೆ?”

“ಆಮೇಲೆ ನೀರಲ್ಲಿ ಹೋಗಿ ನಿಂತೆ. ಪಕ್ಕದಲ್ಲಿ ಯಾರೋ ಒಬ್ಬ ಮುದುಕ, ಪ್ಯಾಂಟು ಮಡಚ್ಕೊಂಡಿದ್ದ. ಒಂದೊಂದು ಅಲೆ ಬಂದಾಗ್ಲೂ ಹೆಂಡ್ತಿಗೆ ಕೂಗಿ ಹೇಳ್ತಿದ್ದ, ಬಂತು ನೋಡೇ, ಇದು ದೊಡ್ಡದು, ಇದು ಹಿಂದಿನದಕ್ಕಿಂತ ದೊಡ್ಡದು ಅಂತ. ಹುಚ್ಚನ ಥರ. ವರ್ಲಿನ್, ಐಲರ್ಟ್ ಬಂದಿದ್ರೆ ಥೇಟ್ ಹಾಗೇ ಕೂಗ್ತಿದ್ದ. ಒಂದು ಅಲೆನೂ ಬಿಡ್ತಿರ್ಲಿಲ್ಲ. ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ. ಅವನಿಗೆ ಎಷ್ಟು ಇಷ್ಟ ಆಗ್ತಿತ್ತು ಗೊತ್ತೇನೋ ಅದು?”

ಮಣ್ಣು ಮಾಡುವಾಗ ಬಾರದ ಕಣ್ಣೀರು ನನ್ನ ಗ್ಯಾರೇಜಿನ ಬಾಗಿಲಲ್ಲಿ ಬಂತು. ಆಕೆ ಅದನ್ನು ಮುಚ್ಚಿಕೊಳ್ಳಲಿಲ್ಲ. ನಾನು ಏನು ಮಾಡಬೇಕೋ ತಿಳಿಯದೆ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತ ನಿಂತೆ.

“ಮೂವತ್ತು ವರ್ಷ ನಂಗೆ ಮೋಸ ಮಾಡ್ದ ಅಂತ ಸಿಟ್ಟಿಟ್ಕೊಂಡಿದ್ದೆ. ಅಲ್ಲಿ ಹೋಗಿ ನೋಡಿದ್ರೆ ಆ ಪೆದ್ದ ತನಗೇ ಮಾಡ್ಕೊಂಡಿದ್ದ. ಅವನ ಮೇಲೆ ಸಿಟ್ಟು ಮಾಡ್ಕೊಳ್ಳೋದಕ್ಕೂ ಆಗ್ದಂಗೆ ಮಾಡಿ ಹೋದ.”

ನಾನು ಮೆಲ್ಲಗೆ ಕೇಳಿದೆ. “ಹಾಗಾದ್ರೆ ಡರ್ಬಿ?”

ಆರ್ಲಿಸ್ ಮೂಗು ಒರೆಸಿಕೊಂಡು ನನ್ನನ್ನು ಹುಡುಗನನ್ನು ನೋಡುವ ಹಾಗೆ ನೋಡಿದಳು.

“ಇದನ್ನ ಒಡೆದು ಯಾರಿಗೆ ತೋರಿಸ್ಲಿ, ವರ್ಲಿನ್? ನೋಡ್ಬೇಕಾದೋನೇ ಇಲ್ವಲ್ಲ.”

ನಾನು ಬಾನೆಟ್ ಎತ್ತಿ ಮುಂದಿನ ಮೈಲಿಗಳಿಗೆ ಆಯಿಲ್ ಬದಲಾಯಿಸಿದೆ.